ನೆರೆಯವನ ನೆರವು, ಗಾಯದ ಹೊಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಮನೆಯು ಕನ್ನಡ ನಾಡಿನಲ್ಲಿ ಇರಲಾರದು. ಈ ಎರಡು ಕಾರ್ಯಗಳೂ ಒಬ್ಬನ ಕೈಯಿಂದ ಆಗತಕ್ಕವಲ್ಲವೆಂಬುದು ಅದರೊಳಗೆ ಅಡಗಿರುವ ಅಭಿಪ್ರಾಯ. ಮದುವೆಗೆ ಬಂಧುಗಳು ಬೇಕು. ಮನೆಗೆ ನೆರೆಯವರು ಬೇಕು. ಗೋಡೆಯು ಏಳುವವರೆಗೆ ಕೂಲಿಯವರಿಂದ ಕೆಲಸವು ನಡೆದೀತು. ತೊಲೆಯನ್ನು ಮೇಲಕ್ಕೇರಿಸುವ ದಿನ, ಇಲ್ಲವೆ ಮಳೆಗಾಲಕ್ಕೆ ಮೊದಲು ಮಾಡಿಗೆ ಹೊಸ ಹುಲ್ಲನ್ನು ಹೊದಿಸುವ ದಿನ, ಅಕ್ಕಪಕ್ಕದ ಹತ್ತು ಮನೆಗಳ ಹೆಗಲುಗಳು ಒಂದಾಗಬೇಕಾಗುತ್ತಿದ್ದಿತು. ಹೀಗೆ ಬಂದವರಿಗೆ ಕೂಲಿಯಿಲ್ಲ, ಊಟವುಂಟು. ಊಟಕ್ಕಿಂತಲೂ ಮಿಗಿಲಾಗಿ, ನಾಳೆ ಅವರ ಮನೆಯ ಕೆಲಸಕ್ಕೆ ಈ ಮನೆಯವನು ಹೋಗತಕ್ಕದ್ದೆಂಬ ನಂಬುಗೆಯುಂಟು. ಇದಕ್ಕೆ ಮುಯ್ಯಿ ಎಂದು ಹೆಸರು. ಹಾಗೆ ಬಂದವನು ಮುಯ್ಯಾಳು.

ಈ ನಂಬುಗೆಯು ಸುಗಮವಾಗಿ ನಡೆಯುವಷ್ಟು ಕಾಲ ಲೆಕ್ಕವನ್ನು ಕೇಳುವವರಿಲ್ಲ. ಆದರೆ ಒಂದು ದಿನ ಏಣಿಯ ಮೆಟ್ಟಿಲು ಮುರಿಯುತ್ತದೆ. ಅಥವಾ ಹಗ್ಗವು ಜಾರಿ ತೊಲೆಯು ಕೆಳಗಿದ್ದವನ ಕಾಲಿನ ಮೇಲೆ ಬೀಳುತ್ತದೆ. ಬಿದ್ದವನು ಕೂಲಿಗೆ ಬಂದವನಲ್ಲ, ಸ್ನೇಹಕ್ಕೆ ಬಂದವನು. ಅವನನ್ನು ಕರೆದವನು ಧಣಿಯಲ್ಲ, ಮಿತ್ರನು. ವೈದ್ಯನಿಗೆ ಹಣವನ್ನು ಕೊಡತಕ್ಕವರು ಯಾರು? ಅವನು ಮಂಚದ ಮೇಲೆ ಮಲಗಿರುವಾಗ ಅವನ ಹೊಲವನ್ನು ಬಿತ್ತತಕ್ಕವರು ಯಾರು? ಅವನು ಏಳದೆಯೇ ಹೋದರೆ ಅವನ ಮಕ್ಕಳಿಗೆ ಅನ್ನವನ್ನಿಡತಕ್ಕವರು ಯಾರು? ಕೇಳಿದರೆ ಸ್ನೇಹವು ಕೆಡುವುದು; ಕೇಳದಿದ್ದರೆ ಸಂಸಾರವು ಕೆಡುವುದು. ಈ ಇಕ್ಕಟ್ಟು ಇಂದಿನದಲ್ಲ. ಮನುಷ್ಯನು ಮಾಡನ್ನು ಕಟ್ಟಲಾರಂಭಿಸಿದಂದಿನಿಂದಲೂ ಇದು ಅವನ ಬೆನ್ನು ಹತ್ತಿದೆ. ಇದಕ್ಕೆ ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ಕಾಲಗಳಲ್ಲಿ ಕಂಡುಕೊಂಡ ಉತ್ತರಗಳ ಚರಿತ್ರೆಯು ವಿಚಾರಯೋಗ್ಯವಾದುದು.

೧

ಮನೆಯಿಂದಾಗುವ ಅಪಾಯದ ವಿಷಯವಾಗಿ ದೊರೆತಿರುವ ಅತಿ ಹಳೆಯ ಶಾಸನಗಳು ಪಶ್ಚಿಮ ಏಷ್ಯಾಖಂಡದವು. ಕ್ರಿ. ಪೂ. ೧೮ನೆಯ ಶತಮಾನದಲ್ಲಿ ಬಾಬಿಲೋನಿನಲ್ಲಿ ಆಳಿದ ಹಮ್ಮುರಾಬಿಯ ಶಿಲಾಸ್ತಂಭವು ೧೯೦೧-೦೨ರಲ್ಲಿ ಸೂಸಾ ಎಂಬ ಸ್ಥಳದಲ್ಲಿ ದೊರೆಯಿತು. ಅದರ ೨೨೯ನೆಯ ವಿಧಿ ಮೊದಲ್ಗೊಂಡು ೨೩೩ನೆಯದರವರೆಗೆ ಮನೆಯನ್ನು ಕಟ್ಟುವವನ ಹೊಣೆಯು ವಿವರಿಸಲ್ಪಟ್ಟಿದೆ. ಕಟ್ಟಿದ ಮನೆಯು ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗನು ಸತ್ತರೆ ಕಟ್ಟಿದವನ ಮಗನಿಗೆ ಆ ದಂಡನೆ. ಸಾಮಾನುಗಳು ಹಾಳಾದರೆ ಅವುಗಳ ಬೆಲೆಯನ್ನು ತೆತ್ತು ಮನೆಯನ್ನು ತನ್ನ ಖರ್ಚಿನಿಂದಲೇ ಮತ್ತೆ ಕಟ್ಟಿಕೊಡಬೇಕು. ಇವುಗಳ ಹಿಂದಿನ ವಿಧಿಯಲ್ಲಿಯೇ ಕಟ್ಟುವವನಿಗೆ ಸಲ್ಲತಕ್ಕ ಪ್ರತಿಫಲವು ಹೇಳಲ್ಪಟ್ಟಿರುವುದನ್ನು ಗಮನಿಸಬೇಕು. ಈ ಕ್ರೂರವಾದ ಹೊಣೆಯು ಕೂಲಿಯನ್ನು ಪಡೆದ ಕುಶಲಿಯದು, ಮಿತ್ರನದಲ್ಲ.

ಹಮ್ಮುರಾಬಿಗೆ ತುಸು ಹಿಂದಿನದಾದ ಎಶ್ನುನ್ನ ಎಂಬ ಪಟ್ಟಣದ ವಿಧಿಗಳಲ್ಲಿ ಇನ್ನೊಂದು ಸೂಕ್ಷ್ಮವು ಕಾಣಬರುತ್ತದೆ. ಗೋಡೆಯು ವಾಲುತ್ತಿದೆಯೆಂದು ಕೇರಿಯ ಅಧಿಕಾರಿಗಳು ಮನೆಯವನಿಗೆ ತಿಳಿಸಿದ ಮೇಲೂ ಅವನು ಅದನ್ನು ಭದ್ರಪಡಿಸದೆ, ಅದು ಬಿದ್ದು ಒಬ್ಬನು ಸತ್ತರೆ, ಆ ಸಂಗತಿಯು ಅರಸನ ತೀರ್ಪಿಗೆ ಹೋಗತಕ್ಕ ಪ್ರಾಣಾಪರಾಧವಾಗುತ್ತದೆ. ಇಲ್ಲಿ ಹೊಣೆಯು ಹುಟ್ಟುವುದು ಗೋಡೆಯು ಬಿದ್ದುದರಿಂದ ಮಾತ್ರವಲ್ಲ. ಬೀಳುವುದೆಂದು ತಿಳಿದೂ ಸುಮ್ಮನಿದ್ದುದರಿಂದ. ಯೆಹೂದ್ಯರ ಧರ್ಮಗ್ರಂಥವಾದ ಧರ್ಮೋಪದೇಶಕಾಂಡದಲ್ಲಿಯೂ ಹೊಸ ಮನೆಯ ಮಾಳಿಗೆಗೆ ಕೈಪಿಡಿಗೋಡೆಯನ್ನು ಕಟ್ಟತಕ್ಕದ್ದೆಂದೂ, ಕಟ್ಟದೆ ಯಾವನಾದರೂ ಬಿದ್ದರೆ ಆ ರಕ್ತದ ಪಾಪವು ಮನೆಗೆ ತಗಲುವುದೆಂದೂ ವಿಧಿಯಿದೆ. ತಿಳಿದಿದ್ದವನ ಮೌನವು ಅಪರಾಧವೆಂಬ ಈ ಹಳೆಯ ಭಾವನೆಯು ಮುಂದಿನ ಎಲ್ಲ ನ್ಯಾಯಗಳಲ್ಲಿಯೂ ಮತ್ತೆ ಮತ್ತೆ ತಲೆಯೆತ್ತುತ್ತದೆ.

೨

ಭಾರತದ ಧರ್ಮಶಾಸ್ತ್ರಗಳಲ್ಲಿ ಈ ವಿಚಾರವು ಎರಡು ಪ್ರಕರಣಗಳಲ್ಲಿ ಹಂಚಿಹೋಗಿದೆ. ಹಲವರು ಕೂಡಿ ಮಾಡುವ ಕಾರ್ಯಕ್ಕೆ ಸಂಭೂಯಸಮುತ್ಥಾನವೆಂದು ಹೆಸರು. ಇದು ಮುಖ್ಯವಾಗಿ ವರ್ತಕರ ಪಾಲುಗಾರಿಕೆಗೆ ಸೇರಿದುದಾದರೂ, ಇದೇ ನಿಯಮವು ಋತ್ವಿಜರಿಗೂ ಬೇಸಾಯಗಾರರಿಗೂ ಕುಶಲಕರ್ಮಿಗಳಿಗೂ ಅನ್ವಯಿಸತಕ್ಕದ್ದೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಬೇಡವೆಂದುದನ್ನು ಮಾಡಿ, ಇಲ್ಲವೆ ಎಚ್ಚರಿಕೆಗೆಟ್ಟು, ಒಬ್ಬನು ನಷ್ಟವನ್ನುಂಟುಮಾಡಿದರೆ ಅದನ್ನು ಅವನೇ ತುಂಬಿಕೊಡಬೇಕು. ಆಪತ್ತಿನಿಂದ ಎಲ್ಲರ ಸೊತ್ತನ್ನು ಉಳಿಸಿದವನಿಗೆ ಹತ್ತನೆಯ ಒಂದು ಪಾಲು ಸಲ್ಲಬೇಕು. ಇಲ್ಲಿ ಹೇಳಿರುವುದು ಸೊತ್ತಿನ ನಷ್ಟವನ್ನೇ ಆದರೂ, ಕೂಡಿ ದುಡಿಯುವವರೊಳಗೆ ಪ್ರಮಾದಕ್ಕೆ ಹೊಣೆಯುಂಟೆಂಬ ತತ್ತ್ವವು ಸ್ಪಷ್ಟವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದಕ್ಕೆ ಹತ್ತಿರವಾದ ಮಾತುಂಟು. ಊರವರು ಕೂಡಿ ಅಣೆಕಟ್ಟನ್ನು ಕಟ್ಟುವಾಗ ಯಾವನಾದರೂ ಹಿಂದೆಗೆದರೆ ಅವನ ಆಳುಗಳೂ ಎತ್ತುಗಳೂ ಆ ಕೆಲಸವನ್ನು ಮಾಡಬೇಕು, ಖರ್ಚಿನಲ್ಲಿ ಅವನಿಗೂ ಭಾಗವಿರಬೇಕು, ಫಲದಲ್ಲಿ ಮಾತ್ರ ಪಾಲಿಲ್ಲ ಎಂಬುದು ಅಲ್ಲಿಯ ನಿಯಮ. ಈ ಗ್ರಂಥದ ಹಸ್ತಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಬೆಳಕಿಗೆ ಬಂದು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಅಚ್ಚಾದುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ.

ಎರಡನೆಯದು ದಂಡಪಾರುಷ್ಯದ ಪ್ರಕರಣ. ಇನ್ನೊಬ್ಬನ ಅಂಗಕ್ಕೆ ನೋವನ್ನುಂಟುಮಾಡಿದವನು ರಾಜನಿಗೆ ದಂಡವನ್ನು ತೆತ್ತರೆ ಸಾಲದು. ಪೆಟ್ಟು ತಿಂದವನು ಮೇಲೇಳುವವರೆಗಿನ ವೆಚ್ಚವನ್ನು ಕೂಡ ಅವನಿಗೆ ಕೊಡಬೇಕೆಂದು ಮನುವೂ ಯಾಜ್ಞವಲ್ಕ್ಯನೂ ವಿಧಿಸಿದ್ದಾರೆ. ಇದಕ್ಕೆ ಸಮುತ್ಥಾನವ್ಯಯವೆಂದು ಹೆಸರು. ಎಷ್ಟು ಅರ್ಥಗರ್ಭಿತವಾದ ಪದವಿದು! ಔಷಧದ ಬೆಲೆಯೆಂದಲ್ಲ, ಗಾಯದ ಬೆಲೆಯೆಂದೂ ಅಲ್ಲ. ಬಿದ್ದವನು ಎದ್ದು ನಿಲ್ಲುವ ವೆಚ್ಚ. ಹಮ್ಮುರಾಬಿಯ ಶಾಸನದಲ್ಲಿಯೂ ಜಗಳದಲ್ಲಿ ಬೇಕೆಂದು ಹೊಡೆಯಲಿಲ್ಲವೆಂದು ಆಣೆಯಿಟ್ಟವನು ವೈದ್ಯನ ಹಣವನ್ನಾದರೂ ತೆರತಕ್ಕದ್ದೆಂದಿರುವುದನ್ನು ಇದರೊಡನೆ ಹೋಲಿಸಬಹುದು.

ಬೇಕೆಂದು ಮಾಡಿದ ಪೆಟ್ಟಿಗೆ ಇದು ಸರಿ. ಅಕಸ್ಮಾತ್ತಾಗಿ ಆದುದಕ್ಕೆ ಏನು? ಮರದ ತುಂಡು, ಮಣ್ಣಿನ ಹೆಂಟೆ, ಬಾಣ, ಕಲ್ಲು, ತೋಳು, ಹೂಡಿದ ಎತ್ತು, ಇವುಗಳಿಂದ ಪೆಟ್ಟು ತಗಲಿದಾಗ, ಆ ಕೆಲಸದಲ್ಲಿದ್ದವನು ಮೊದಲೇ ಸರಿದು ನಿಲ್ಲು ಎಂದು ಕೂಗಿದ್ದರೆ ಅವನಿಗೆ ದೋಷವಿಲ್ಲವೆಂದು ಯಾಜ್ಞವಲ್ಕ್ಯನ ಮತ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧವಾದ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ಕ್ರಿ. ಶ. ೧೦೭೬ರಿಂದ ೧೧೨೬ರವರೆಗಿನ ಆಳಿಕೆಯಲ್ಲಿ, ಇದ್ದವನು. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವು ಭಾರತದ ಬಹುಭಾಗಕ್ಕೆ ನ್ಯಾಯಪ್ರಮಾಣವಾಯಿತು. ಆದರೆ ಆಂಗ್ಲೇಯರ ನ್ಯಾಯಸ್ಥಾನಗಳು ಅದರಿಂದ ಆಯ್ದುಕೊಂಡುದು ಮುಖ್ಯವಾಗಿ ದಾಯಭಾಗದ ಪ್ರಕರಣವನ್ನು. ೧೮೧೦ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಿರುಗಿಸಿದುದೂ ಆ ಭಾಗವನ್ನೇ. ಆಸ್ತಿಯ ಹಂಚಿಕೆಗೆ ಮಿತಾಕ್ಷರೆಯು ಉಳಿಯಿತು. ಬಿದ್ದವನನ್ನು ಎಬ್ಬಿಸುವ ವೆಚ್ಚದ ವಿಚಾರವು ಪುಸ್ತಕದಲ್ಲಿಯೇ ಉಳಿಯಿತು.

೩

ರೋಮನ್ನರ ನ್ಯಾಯದಲ್ಲಿ ಇದೇ ಕೂಗಿನ ಮಾತು ಬೇರೊಂದು ವೇಷದಿಂದ ಬರುತ್ತದೆ. ಕ್ರಿ. ಪೂ. ಮೂರನೆಯ ಶತಮಾನದ ಅಕ್ವೀಲಿಯ ಶಾಸನವನ್ನು ವಿವರಿಸುತ್ತಾ ಅಲ್ಲಿಯ ಪಂಡಿತರು ಮರವನ್ನು ಸವರುವವನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ದಾರಿಯ ಬಳಿಯ ಮರದಿಂದ ಕೊಂಬೆಯನ್ನು ಕೆಡಹುವವನು ಕೆಳಗೆ ಹೋಗುವವರಿಗೆ ಕೂಗಿ ಎಚ್ಚರಿಸಬೇಕು. ಕೂಗದೆ ಕೆಡಹಿದುದರಿಂದ ಒಬ್ಬನಿಗೆ ಹಾನಿಯಾದರೆ ಹೊಣೆಯು ಅವನದು. ಗಂಗೆಯ ತೀರದವರೂ ಟೈಬರಿನ ತೀರದವರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮಾತನ್ನಾಡಿರುವುದು ಆಶ್ಚರ್ಯವಾದರೂ, ಮರವೂ ಮನುಷ್ಯನ ತಲೆಯೂ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯವಾದುದರಿಂದ ಇದು ಸಹಜವೇ ಸರಿ.

ಆದರೆ ರೋಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರತಿಫಲವಿಲ್ಲದೆ, ಸ್ನೇಹದಿಂದ, ಮತ್ತೊಬ್ಬನ ಕೆಲಸವನ್ನು ಒಪ್ಪಿಕೊಂಡು ಮಾಡುವುದನ್ನೇ ಅವರು ಮಂಡಾಟಮ್ ಎಂಬ ಒಂದು ಕರಾರಿನ ಬಗೆಯನ್ನಾಗಿ ಎಣಿಸಿದರು. ಕೂಲಿ ಬಂದರೆ ಅದು ಈ ಕರಾರಾಗಲಾರದು. ಸ್ನೇಹವೇ ಇದರ ಮೂಲ. ಹೀಗೆ ನೆರವಾದವನು ತನ್ನ ಕೈಯಿಂದ ಖರ್ಚುಮಾಡಿದುದನ್ನು ಕೆಲಸವನ್ನು ಒಪ್ಪಿಸಿದವನಿಂದ ಪಡೆಯಬಹುದಾಗಿತ್ತು. ಹಾಗಾದರೆ ಆ ಕೆಲಸದಲ್ಲಿ ಅವನಿಗೆ ತಗಲಿದ ಕೇಡಿಗೆ ಏನು? ಇಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಾಯಿತು. ಎರಡನೆಯ ಶತಮಾನದ ಆಫ್ರಿಕಾನಸನು ಉಪಕಾರ ಮಾಡಿದವನಿಗೆ ಅವನ ಉಪಕಾರವೇ ನಷ್ಟಕ್ಕೆ ಕಾರಣವಾಗಕೂಡದೆಂಬ ಪಕ್ಷವನ್ನು ಹಿಡಿದನು. ಮೂರನೆಯ ಶತಮಾನದ ಆದಿಭಾಗದ ಪೌಲಸನಾದರೋ, ಹೋದ ದಾರಿಯಲ್ಲಿ ಕಳ್ಳರು ಸುಲಿದುದು, ಹಡಗು ಮುಳುಗಿದುದು, ರೋಗ ಬಂದುದು, ಇವೆಲ್ಲ ದೈವದ ಲೆಕ್ಕಕ್ಕೆ ಸೇರಿದುವೇ ಹೊರತು ಒಪ್ಪಿಸಿದ ಕೆಲಸದ ಲೆಕ್ಕಕ್ಕಲ್ಲವೆಂದನು. ೫೩೩ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಸಂಗ್ರಹಿಸಿದ ನ್ಯಾಯಕೋಶದಲ್ಲಿ ಎರಡು ಮತಗಳೂ ಸೇರಿಹೋದುವು. ಮುಂದಿನ ಯೂರೋಪು ತನಗೆ ಬೇಕಾದುದನ್ನು ಆರಿಸಿಕೊಳ್ಳಲು ಇದರಿಂದ ಅವಕಾಶವಾಯಿತು.

೪

ಆಂಗ್ಲ ದೇಶದ ಚರಿತ್ರೆಯು ಈ ವಿಷಯದಲ್ಲಿ ಬಹಳ ಕಠಿಣವಾದುದು. ೧೮೩೭ರಲ್ಲಿ ಪ್ರೀಸ್ಟ್ಲಿ ಎಂಬ ಕಟುಕರ ಅಂಗಡಿಯ ಹುಡುಗನ ದಾವೆಯು ಎಕ್ಸ್‌ಚೆಕರ್ ನ್ಯಾಯಸ್ಥಾನದ ಮುಂದೆ ಬಂದಿತು. ಧಣಿಯ ಬಂಡಿಯಲ್ಲಿ ಮಿತಿಮೀರಿ ಹೇರಿದುದರಿಂದ ಅದು ಮುರಿದು ಹುಡುಗನ ತೊಡೆಯೆಲುಬು ಮುರಿದಿತ್ತು. ಪಂಚಾಯತರು ನೂರು ಪೌಂಡುಗಳನ್ನು ಕೊಡಿಸಿದ್ದರು. ಮುಖ್ಯ ನ್ಯಾಯಾಧಿಪತಿಯಾದ ಲಾರ್ಡ್ ಆಬಿಂಜರನು ಆ ತೀರ್ಪನ್ನು ರದ್ದುಪಡಿಸಿದನು. ಇಂತಹ ದಾವೆಯನ್ನು ಅಂಗೀಕರಿಸಿದರೆ, ದಾಸಿಯು ತೇವವಾದ ಹಾಸಿಗೆಯನ್ನು ಹಾಸಿದಳೆಂದು ಕೂಡ ಸೇವಕನು ಧಣಿಯ ಮೇಲೆ ದಾವೆ ಹೂಡಿಯಾನೆಂಬುದು ಅವನ ಭೀತಿ. ಈ ತೀರ್ಪಿನಿಂದ, ಒಬ್ಬ ಧಣಿಯ ಕೈಕೆಳಗಿನ ಸೇವಕರಲ್ಲಿ ಒಬ್ಬನ ತಪ್ಪಿನಿಂದ ಮತ್ತೊಬ್ಬನಿಗೆ ಗಾಯವಾದರೆ ಧಣಿಗೆ ಹೊಣೆಯಿಲ್ಲವೆಂಬ ನಿಯಮವು ಬೆಳೆಯಿತು.

ಸೇವಕನಿಗೇ ಈ ಗತಿಯಾದ ಮೇಲೆ ಸ್ನೇಹಕ್ಕಾಗಿ ಕೈಯಿಟ್ಟವನ ಗತಿಯೇನು? ೧೮೫೭ರ ಡೆಗ್ ಎಂಬವನ ವ್ಯಾಜ್ಯದಲ್ಲಿ ಇದರ ಉತ್ತರವು ದೊರೆಯಿತು. ಮಿಡ್ಲೆಂಡ್ ರೈಲ್ವೆಯ ಸೇವಕರು ತಿರುಗುಹಲಗೆಯ ಮೇಲೆ ಒಂದು ಬಂಡಿಯನ್ನು ತಿರುಗಿಸುತ್ತಿದ್ದಾಗ ಡೆಗ್ಗನು ತಾನಾಗಿ ಬಂದು ಕೈಕೊಟ್ಟನು. ಇತರ ಸೇವಕರ ಅಜಾಗರೂಕತೆಯಿಂದ ಅವನು ಯಂತ್ರಕ್ಕೆ ಸಿಕ್ಕಿ ಸತ್ತನು. ಅವನ ಪರವಾಗಿ ಪರಿಹಾರವನ್ನು ಕೇಳಿದಾಗ ಬ್ಯಾರನ್ ಬ್ರಾಮ್‌ವೆಲ್ಲನು ಕೊಟ್ಟ ಸಮಾಧಾನವಿದು: ಕೂಲಿಯ ಸೇವಕನಿಗೆ ಇಲ್ಲದ ಹಕ್ಕನ್ನು, ಯಾರೂ ಕರೆಯದೆ ಬಂದು ಸೇವಕನ ಕೆಲಸವನ್ನು ಮಾಡಿದವನು ತನ್ನ ಇಚ್ಛೆಯಿಂದಲೇ ಸೃಷ್ಟಿಸಿಕೊಳ್ಳಲಾರನು, ಧಣಿಯ ಹೊಣೆಯನ್ನು ಹೆಚ್ಚಿಸಲು ಅವನಿಗೆ ಅಧಿಕಾರವಿಲ್ಲ. ತರ್ಕವು ನಿರ್ದುಷ್ಟವಾಗಿತ್ತು, ಡೆಗ್ಗನ ಮನೆಗೆ ಏನೂ ದೊರೆಯಲಿಲ್ಲ.

೧೮೭೬ರಲ್ಲಿ ಮತ್ತೊಂದು ವ್ಯಾಜ್ಯವು ಬಂದಿತು. ರೈಟ್ ಎಂಬವನು ರೈಲಿನಲ್ಲಿ ಒಂದು ಕಡಸನ್ನು ಕಳುಹಿಸಿದ್ದನು. ನಿಲ್ದಾಣದಲ್ಲಿ ಆಳುಗಳು ಸಾಲದಿದ್ದುದರಿಂದ, ಅಲ್ಲಿಯ ಅಧಿಕಾರಿಯ ಸಮ್ಮತಿಯಿಂದ, ಅದು ಇದ್ದ ಬಂಡಿಯನ್ನು ತಳ್ಳಲು ತಾನೇ ಕೈಕೊಟ್ಟನು, ಗಾಯಗೊಂಡನು. ಈ ಸಲ ನ್ಯಾಯಸ್ಥಾನವು ಪರಿಹಾರವನ್ನು ಕೊಡಿಸಿತು. ಏತಕ್ಕೆಂದರೆ, ತನ್ನ ಕಡಸು ಬೇಗನೆ ಕೈಸೇರಬೇಕೆಂಬ ಸ್ವಂತ ಪ್ರಯೋಜನವು ಅವನಿಗಿದ್ದುದರಿಂದ ಅವನು ಬರಿಯ ಸ್ವಯಂಸೇವಕನಲ್ಲ! ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಸ್ವಂತ ಲಾಭಕ್ಕಾಗಿ ಕೈಯಿಟ್ಟವನಿಗೆ ರಕ್ಷಣೆ, ಕೇವಲ ಉಪಕಾರಕ್ಕಾಗಿ ಕೈಯಿಟ್ಟವನಿಗೆ ಮಣ್ಣು ಎಂಬ ವಿಪರೀತವು ಎದ್ದು ಕಾಣುತ್ತದೆ. ಸ್ನೇಹವನ್ನು ಅಳೆಯಲು ನ್ಯಾಯದ ಬಳಿ ಆಗ ಕೋಲೇ ಇರಲಿಲ್ಲ.

ಈ ಕಾಠಿಣ್ಯವು ಮೆಲ್ಲಮೆಲ್ಲನೆ ಕರಗಿತು. ೧೮೮೦ರ ಶಾಸನವು ಧಣಿಯ ಹೊಣೆಯನ್ನು ಕೊಂಚ ವಿಸ್ತರಿಸಿತು. ೧೮೯೭ರ ಶಾಸನವು ಕೆಲವು ಉದ್ಯಮಗಳಲ್ಲಿ, ಧಣಿಯ ತಪ್ಪಿಲ್ಲದಿದ್ದರೂ, ಕೆಲಸಗಾರನಿಗೆ ಪರಿಹಾರವನ್ನು ಒದಗಿಸಿತು. ೧೯೪೫ರವರೆಗೆ, ಗಾಯಗೊಂಡವನದೂ ಅಲ್ಪ ತಪ್ಪಿದ್ದರೆ ಅವನ ದಾವೆಯೇ ಬಿದ್ದುಹೋಗುವ ಸಂಭವವಿತ್ತು. ಆ ವರ್ಷದ ಶಾಸನದಿಂದ ತಪ್ಪನ್ನು ಪಾಲುಮಾಡಿ ಪರಿಹಾರವನ್ನು ತಕ್ಕಷ್ಟು ತಗ್ಗಿಸುವ ಪದ್ಧತಿಯು ಬಂದಿತು. ಸಹಸೇವಕನ ತಪ್ಪಿಗೆ ಧಣಿಯು ಹೊಣೆಯಲ್ಲವೆಂಬ ಹಳೆಯ ನಿಯಮವು ೧೯೪೮ರಲ್ಲಿ ಸಂಪೂರ್ಣವಾಗಿ ಅಳಿಯಿತು.

ಇವೆಲ್ಲಕ್ಕಿಂತ ಹಿರಿದಾದ ಮಾತು ೧೯೩೨ರಲ್ಲಿ ಬಂದಿತು. ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದಲ್ಲಿ ಒಬ್ಬ ಹೆಂಗಸು ಕುಡಿದ ಶುಂಠಿಪಾನಕದ ಸೀಸೆಯಲ್ಲಿ ಬಸವನಹುಳುವು ಇದ್ದಿತೆಂಬ ವ್ಯಾಜ್ಯದಲ್ಲಿ ಲಾರ್ಡ್ ಆಟ್ಕಿನ್ನನು ನೆರೆಯವನು ಯಾರು ಎಂಬ ಹಳೆಯ ಧರ್ಮಪ್ರಶ್ನೆಯನ್ನು ನ್ಯಾಯದ ಪ್ರಶ್ನೆಯನ್ನಾಗಿ ಮಾಡಿದನು. ತನ್ನ ನಡತೆಯಿಂದ ಯಾವನಿಗೆ ಕೇಡಾದೀತೆಂದು ವಿವೇಕಿಯು ಮುಂದಾಗಿ ಎಣಿಸಬೇಕಾಗಿದೆಯೋ ಅವನೇ ನ್ಯಾಯದ ದೃಷ್ಟಿಯಲ್ಲಿ ನೆರೆಯವನು. ಅವನ ವಿಷಯದಲ್ಲಿ ಎಚ್ಚರಿಕೆಯು ಕರ್ತವ್ಯ. ಅಂದಮೇಲೆ ತನ್ನ ಮಾಡಿನ ಮೇಲೆ ತಾನೇ ಕರೆದು ಹತ್ತಿಸಿದ ಪಕ್ಕದ ಮನೆಯವನಿಗಿಂತ ಹತ್ತಿರದ ನೆರೆಯವನು ಮತ್ತಾರು? ೧೯೫೭ರ ಶಾಸನವು, ಮನೆಗೆ ಒಪ್ಪಿಗೆಯಿಂದ ಬಂದವರೆಲ್ಲರ ವಿಷಯದಲ್ಲಿಯೂ ಮನೆಯವನಿಗೆ ಸಾಮಾನ್ಯವಾದ ಎಚ್ಚರಿಕೆಯ ಕರ್ತವ್ಯವುಂಟೆಂದು ನೇರವಾಗಿ ವಿಧಿಸಿತು. ಆದರೂ ಒಂದು ಬಿರುಕು ಉಳಿಯಿತು. ಮನೆಯವನ ತಪ್ಪಿದ್ದರೆ ಮಾತ್ರ ಈ ನ್ಯಾಯವು ಕೈಹಿಡಿಯುತ್ತದೆ. ಯಾರ ತಪ್ಪೂ ಇಲ್ಲದೆ ಕಾಲು ಜಾರಿದವನಿಗೆ ಅದು ಇಂದಿಗೂ ಬರಿಗೈಯನ್ನೇ ತೋರಿಸುತ್ತದೆ.

೫

ಈ ಬಿರುಕನ್ನು ಮುಚ್ಚಲು ಯೂರೋಪಿನ ಭೂಖಂಡದಲ್ಲಿ ಎರಡು ದಾರಿಗಳು ಕಂಡುವು. ಫ್ರಾನ್ಸು ಆಫ್ರಿಕಾನಸನ ಮತವನ್ನು ಹಿಡಿಯಿತು. ೧೮೦೪ರ ನಾಗರಿಕ ಸಂಹಿತೆಯ ೨೦೦೦ನೆಯ ವಿಧಿಯಂತೆ, ಮತ್ತೊಬ್ಬನ ಕೆಲಸವನ್ನು ವಹಿಸಿಕೊಂಡವನಿಗೆ ಆ ಕೆಲಸದ ಸಂದರ್ಭದಲ್ಲಿ, ಅವನ ಅವಿವೇಕವಿಲ್ಲದೆ, ಉಂಟಾದ ನಷ್ಟವನ್ನು ಕೆಲಸವನ್ನು ಒಪ್ಪಿಸಿದವನು ತುಂಬಿಕೊಡಬೇಕು. ೧೯೫೯ರ ಮೇ ೨೭ರಂದು ಅಲ್ಲಿಯ ಪರಮೋಚ್ಚ ನ್ಯಾಯಸ್ಥಾನವು, ಉಪಕಾರಕ್ಕಾಗಿ ನೆರವಾದವನಿಗೂ ನೆರವನ್ನು ಪಡೆದವನಿಗೂ ನಡುವೆ ಸಹಾಯದ ಒಂದು ಕರಾರು ಇರುವುದೆಂದೂ, ನೆರವಾದವನ ಮೈಗೆ ಆದ ಗಾಯಕ್ಕೆ ನೆರವನ್ನು ಪಡೆದವನು ಪರಿಹಾರವನ್ನು ಕೊಡಬೇಕೆಂದೂ ಅಂಗೀಕರಿಸಿತು. ಹೀಗೆ ಪ್ರಯೋಜನವು ಯಾರದೋ ಹೊಣೆಯೂ ಅವರದಾಯಿತು. ಇದು ಧರ್ಮಸಮ್ಮತವಾಗಿ ಕಂಡರೂ, ನೆರವನ್ನು ಪಡೆದ ಮನೆಯವನು ಬಡವನಾಗಿದ್ದರೆ ಒಂದು ಬೀಳುವಿಕೆಯಿಂದ ಎರಡು ಸಂಸಾರಗಳು ಬೀಳುವ ಭಯವು ಇದರಲ್ಲಿ ಉಂಟು.

ಜರ್ಮನಿಯು ಹಿಡಿದ ದಾರಿಯು ಬೇರೆ. ೧೮೮೪ರಲ್ಲಿ ಬಿಸ್ಮಾರ್ಕನ ಕಾಲದಲ್ಲಿ ಅಪಘಾತ ವಿಮೆಯ ಶಾಸನವು ಹುಟ್ಟಿತು. ೧೮೮೭ರಲ್ಲಿ ಕಟ್ಟಡದ ಕೆಲಸದವರಿಗಾಗಿ ವಿಶೇಷ ಶಾಸನವೂ ಬಂದಿತು. ಒಂದೊಂದು ಉದ್ಯಮದವರೂ ಒಂದೊಂದು ಸಂಘವಾಗಿ ಕಂತುಗಳನ್ನು ಕಟ್ಟಿ, ತಪ್ಪು ಯಾರದೆಂದು ಕೇಳದೆ, ಗಾಯಗೊಂಡವನನ್ನು ಪೋಷಿಸುವುದು ಅದರ ಕ್ರಮ. ಕಾಲಕ್ರಮದಲ್ಲಿ ಈ ರಕ್ಷಣೆಯು ಕೂಲಿಯ ಗಡಿಯನ್ನು ದಾಟಿತು. ೧೯೯೭ರಲ್ಲಿ ಜಾರಿಗೆ ಬಂದ ಸಾಮಾಜಿಕ ಸಂಹಿತೆಯ ಏಳನೆಯ ಪುಸ್ತಕದಂತೆ, ನೌಕರನಲ್ಲದಿದ್ದರೂ ನೌಕರನಂತೆ ದುಡಿಯುವವನು ರಕ್ಷಣೆಗೆ ಒಳಪಡುತ್ತಾನೆ. ಸ್ವಂತ ಮನೆಯನ್ನು ಕಟ್ಟಿಸುವವನು ತನಗೆ ನೆರವಾಗಲು ಬಂದ ಬಂಧುಮಿತ್ರರ ಹೆಸರುಗಳನ್ನು ಕಟ್ಟಡದ ವಿಮಾಸಂಘಕ್ಕೆ ತಿಳಿಸಿ, ಅವರು ದುಡಿದ ಗಂಟೆಗಳ ಲೆಕ್ಕದಂತೆ ಕಂತನ್ನು ಕಟ್ಟಬೇಕು. ಕ್ಷಣಮಾತ್ರದ ಸಣ್ಣ ಉಪಕಾರವು ಇದರಲ್ಲಿ ಸೇರದು. ಮನೆಯ ಯಜಮಾನನಿಗೂ ಆತನ ಸಂಗಾತಿಗೂ ಈ ರಕ್ಷಣೆಯು ತಾನಾಗಿ ಬಾರದು. ಅವರು ಬೇರೆಯಾಗಿಯೇ ವಿಮೆಯನ್ನು ಮಾಡಿಸಿಕೊಳ್ಳಬೇಕು. ಮಿತ್ರನಿಗಾಗಿ ಮಾಡಿದ ಏರ್ಪಾಡು ತನಗೇ ಇಲ್ಲದಿರುವುದು ವಿನೋದವಾಗಿ ತೋರಿದರೂ, ಅದರೊಳಗೆ ಒಂದು ನೀತಿಯುಂಟು: ತನ್ನ ಮನೆಗಾಗಿ ತಾನು ಅಪಾಯವನ್ನು ಎತ್ತಿಕೊಳ್ಳಬಹುದು; ಮಿತ್ರನ ಹೆಗಲಿಗೆ ಅದನ್ನು ಹೊರಿಸಕೂಡದು.

ಮೂರನೆಯ ಒಂದು ದೃಷ್ಟಾಂತವು ಅಮೆರಿಕದ ಆಮಿಷ್ ಎಂಬ ಕ್ರೈಸ್ತ ಪಂಗಡದವರದು. ಒಬ್ಬನ ಕಣಜದ ಮನೆಯು ಬೆಂಕಿಗೆ ತುತ್ತಾದರೆ ನೆರೆಹೊರೆಯವರೆಲ್ಲ ನೆರೆದು ಹೊಸದನ್ನು ಎಬ್ಬಿಸಿ ನಿಲ್ಲಿಸುವ ಪದ್ಧತಿಯು ಅವರಲ್ಲಿ ಇಂದಿಗೂ ನಡೆದುಬಂದಿದೆ. ವಾಣಿಜ್ಯದ ವಿಮೆಯನ್ನು ಅವರು ಸಾಮಾನ್ಯವಾಗಿ ಒಲ್ಲರು. ಬಿದ್ದವನ ಆಸ್ಪತ್ರೆಯ ವೆಚ್ಚವನ್ನು ಸಭೆಯವರೇ ಹಂಚಿಕೊಳ್ಳುತ್ತಾರೆ. ತಮ್ಮವರನ್ನು ತಾವೇ ನೋಡಿಕೊಳ್ಳುವರೆಂಬ ಕಾರಣದಿಂದಲೇ, ಸ್ವಂತ ದುಡಿಮೆಯ ಆಮಿಷರಿಗೆ ೧೯೬೫ರಲ್ಲಿ ಅಮೆರಿಕದ ಸರ್ಕಾರವು ಸಾಮಾಜಿಕ ಭದ್ರತೆಯ ಕಂತಿನಿಂದ ವಿನಾಯಿತಿಯನ್ನು ಕೊಟ್ಟಿತು.

೬

ಇನ್ನು ಭಾರತದ ಇಂದಿನ ನ್ಯಾಯವನ್ನು ನೋಡಬೇಕು. ೧೮೫೫ರ ಶಾಸನವು, ಮತ್ತೊಬ್ಬನ ತಪ್ಪಿನಿಂದ ಸತ್ತವನ ಹೆಂಡಿರು ಮಕ್ಕಳು ಪರಿಹಾರವನ್ನು ಕೇಳಲು ಬಾಗಿಲನ್ನು ತೆರೆಯಿತು. ೧೯೨೩ರ ಕೆಲಸಗಾರರ ಪರಿಹಾರದ ಶಾಸನವು ಕೂಲಿಗೆ ದುಡಿಯುವವರಿಗೆ ದೊಡ್ಡ ಉಪಕಾರವನ್ನು ಮಾಡಿತು. ಅದರ ವಿಷಯಗಳು ೨೦೨೦ರ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿಕೊಂಡಿವೆ. ಆದರೆ ಧಣಿಯೂ ನೌಕರನೂ ಇಲ್ಲದ ಕಡೆ ಇದು ಪ್ರವೇಶಿಸದು. ಮುಯ್ಯಾಳು ಇದರ ಹೊರಗೆ ನಿಲ್ಲುತ್ತಾನೆ.

ಹಾಗೆಂದು ಅವನಿಗೆ ಯಾವ ಆಸರೆಯೂ ಇಲ್ಲವೆನ್ನಲಾಗದು. ೧೮೭೨ರ ಕರಾರುಗಳ ಶಾಸನದಲ್ಲಿ ವಿದ್ವಾಂಸರು ಆಗಾಗ ಮರೆಯುವ ಕೆಲವು ವಿಧಿಗಳುಂಟು. ಮತ್ತೊಬ್ಬನಿಗಾಗಿ ಒಂದು ಕಾರ್ಯವನ್ನು ಮಾಡಲು ನಿಯಮಿತನಾದವನು ಪ್ರತಿನಿಧಿ. ಈ ಸಂಬಂಧವು ಏರ್ಪಡಲು ಪ್ರತಿಫಲವು ಬೇಕಾಗಿಲ್ಲವೆಂದು ೧೮೫ನೆಯ ವಿಧಿಯು ಹೇಳುತ್ತದೆ. ಕಾರ್ಯವನ್ನು ಒಪ್ಪಿಸಿದವನ ಅಜಾಗರೂಕತೆಯಿಂದಾಗಲಿ ಅಕುಶಲತೆಯಿಂದಾಗಲಿ ಪ್ರತಿನಿಧಿಗೆ ಗಾಯವಾದರೆ ಪರಿಹಾರವು ಸಲ್ಲಬೇಕೆಂದು ೨೨೫ನೆಯ ವಿಧಿಯಲ್ಲಿದೆ. ಅದಕ್ಕೆ ಶಾಸನಕರ್ತರು ಕೊಟ್ಟಿರುವ ಉದಾಹರಣೆಯು ಮನೆ ಕಟ್ಟುವುದರದೇ. ಯಜಮಾನನು ತಾನೇ ಸಾರುವೆಯನ್ನು ಕಟ್ಟಿ, ಇಟ್ಟಿಗೆಯ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸುತ್ತಾನೆ. ಸಾರುವೆಯು ಸರಿಯಾಗಿ ಕಟ್ಟಲ್ಪಡದಿದ್ದುದರಿಂದ ಕೆಲಸದವನಿಗೆ ಪೆಟ್ಟಾಗುತ್ತದೆ. ಯಜಮಾನನು ಪರಿಹಾರವನ್ನು ಕೊಡಬೇಕು. ಈ ವಿಧಿಗಳನ್ನು ಒಟ್ಟಿಗೆ ಓದಿದರೆ, ಕೂಲಿಯಿಲ್ಲದೆ ಬಂದವನಿಗೂ ಇದರ ನೆರಳು ಸಲ್ಲುವುದೆಂದು ವಾದಿಸಲು ಅವಕಾಶವುಂಟು.

ಎರವಲು ಕೊಟ್ಟ ಉಪಕರಣದ ವಿಷಯದಲ್ಲಿ ಅದೇ ಶಾಸನದ ೧೫೦ನೆಯ ವಿಧಿಯು ಇನ್ನೂ ಸ್ಪಷ್ಟವಾಗಿದೆ. ಪುಕ್ಕಟೆಯಾಗಿ ಕೊಟ್ಟವನು ತನಗೆ ತಿಳಿದಿದ್ದ ದೋಷವನ್ನು ಹೇಳದಿದ್ದರೆ ಹೊಣೆಗಾರನು. ಬಾಡಿಗೆಗೆ ಕೊಟ್ಟವನಾದರೆ ತಿಳಿಯದಿದ್ದ ದೋಷಕ್ಕೂ ಹೊಣೆಗಾರನು. ತುಂಟ ಕುದುರೆಯನ್ನು ಅದರ ಗುಣವನ್ನು ಹೇಳದೆ ಎರವಲು ಕೊಟ್ಟವನ ಉದಾಹರಣೆಯನ್ನು ಅಲ್ಲಿ ಕಾಣಬಹುದು. ಕುದುರೆಯ ಬದಲು ಒಡಕು ಮೆಟ್ಟಿಲಿನ ಏಣಿಯೆಂದು ಓದಿಕೊಂಡರೆ ಈ ವಿಧಿಯು ಪ್ರತಿಯೊಂದು ಮನೆಯ ಹಿತ್ತಿಲಿಗೂ ಬರುತ್ತದೆ. ಎಶ್ನುನ್ನದ ವಾಲಿದ ಗೋಡೆಯ ನೀತಿಯೇ ಇದು: ತಿಳಿದವನು ಹೇಳಬೇಕು.

೭

ಆದರೆ ನ್ಯಾಯಸ್ಥಾನದವರೆಗೆ ಹೋದ ಮುಯ್ಯಿಯು ಮುಯ್ಯಿಯಾಗಿ ಉಳಿಯುವುದೇ? ಕನ್ನಡ ನುಡಿಯು ಇಲ್ಲಿ ಒಂದು ಸೂಕ್ಷ್ಮವನ್ನು ಕಾಪಾಡಿಕೊಂಡು ಬಂದಿದೆ. ಮುಯ್ಯಿ ಎಂದರೆ ಮದುವೆಯಲ್ಲಿ ಮಾಡುವ ಉಡುಗೊರೆ. ಮುಯ್ಯಿ ಎಂದರೆ ಕೆಲಸಕ್ಕೆ ಪ್ರತಿಯಾದ ಕೆಲಸ. ಮುಯ್ಯಿ ಎಂದರೆ ಹಗೆಗೆ ಪ್ರತಿಯಾದ ಹಗೆಯೂ ಹೌದು. ಮುಯ್ಯಿಗೆ ಮುಯ್ಯಿ ತೀರಿಸಿಕೊಂಡನೆಂದರೆ ಅದು ಸ್ನೇಹದ ಮಾತಲ್ಲ. ಒಂದೇ ಪದದಲ್ಲಿ ಕೊಡುಗೆಯೂ ಸೇಡೂ ಸೇರಿರುವುದು ಅರ್ಥದ ಗೊಂದಲವಲ್ಲ, ಅನುಭವದ ಪಾಕ. ತೀರಿಸಿದ ಋಣವು ನೆಂಟಸ್ತಿಕೆಯಾಗುತ್ತದೆ. ತೀರಿಸದೆ ಬಿಟ್ಟ ಋಣವು ಹಗೆಯಾಗುತ್ತದೆ. ಕಾಲು ಮುರಿದುಕೊಂಡವನ ಮನೆಯ ಕಡೆಗೆ ತಿರುಗಿಯೂ ನೋಡದವನು ಕೂಲಿಯನ್ನು ಉಳಿಸಿಕೊಂಡಿರಬಹುದು. ಎರಡು ಮನೆಗಳ ನಡುವೆ ಎಂದೆಂದಿಗೂ ಬೀಳದ ಗೋಡೆಯನ್ನು ಕಟ್ಟಿಕೊಂಡಿರುತ್ತಾನೆ.

ಕನ್ನಡದ ಹಳೆಯ ವೀರಗಲ್ಲುಗಳೂ ಶಾಸನಗಳೂ ಈ ಋಣವನ್ನು ತೀರಿಸಿದ ಒಂದು ಕ್ರಮಕ್ಕೆ ಸಾಕ್ಷಿಯಾಗಿ ನಿಂತಿವೆ. ಊರಿನ ತುರುಗಳನ್ನು ಮರಳಿಸಲು ಹೋಗಿ, ಇಲ್ಲವೆ ಊರನ್ನು ಕಾಯುತ್ತಾ, ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದರು. ಇದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಅವನ ಸಾವಿಗೆ ಊರವರಲ್ಲಿ ಯಾವನೊಬ್ಬನೂ ತಪ್ಪಿತಸ್ಥನಲ್ಲ. ಆದರೂ ಎಲ್ಲರ ಕಾರ್ಯಕ್ಕಾಗಿ ಹರಿದ ನೆತ್ತರಿಗೆ ಎಲ್ಲರ ನೆಲದಿಂದ ಬೆಲೆಯು ಸಲ್ಲಬೇಕೆಂಬುದು ಅದರ ತಾತ್ಪರ್ಯ. ಕಾಳಗದ ಸಾವೂ ಕಟ್ಟಡದ ಗಾಯವೂ ಒಂದೇ ಅಲ್ಲ, ನಿಜ. ಆದರೆ ತಪ್ಪನ್ನು ಹುಡುಕದೆಯೇ ಹೊಣೆಯನ್ನು ಹೊರುವ ಈ ಬುದ್ಧಿಯು, ಜರ್ಮನಿಯ ವಿಮಾಸಂಘವು ೧೯ನೆಯ ಶತಮಾನದಲ್ಲಿ ಕಂಡುಕೊಂಡ ಬುದ್ಧಿಗೆ ಬಹು ದೂರದ್ದಲ್ಲ.

ಹೀಗೆ ನಾಲ್ಕು ಸಾವಿರ ವರ್ಷಗಳ ಚರಿತ್ರೆಯನ್ನು ಒಟ್ಟುಗೂಡಿಸಿ ನೋಡಿದರೆ ಮೂರೇ ಉತ್ತರಗಳು ಕಾಣುತ್ತವೆ. ಗಾಯವನ್ನು ಗಾಯಗೊಂಡವನೇ ಹೊರಲಿ ಎಂಬುದು ಒಂದು. ಇದನ್ನು ಹಿಡಿದ ಆಂಗ್ಲ ದೇಶವೇ ನೂರು ವರ್ಷಗಳಲ್ಲಿ ಅದರಿಂದ ಹಿಂದೆಗೆಯಿತು. ಪ್ರ‌ಯೋಜನವನ್ನು ಪಡೆದವನು ಹೊರಲಿ ಎಂಬುದು ಎರಡನೆಯದು. ಅದು ನ್ಯಾಯವಾದರೂ ಬಡವನಿಗೆ ಭಾರ. ಎಲ್ಲರೂ ಹಂಚಿಕೊಂಡು ಹೊರಲಿ ಎಂಬುದು ಮೂರನೆಯದು. ಅದಕ್ಕೆ ಮುಂಚಿತವಾದ ಏರ್ಪಾಡು ಬೇಕು. ಗಾಯವಾದ ಮೇಲೆ ಮಾಡುವ ಏರ್ಪಾಡು ಏರ್ಪಾಡಲ್ಲ, ವ್ಯಾಜ್ಯ.

ಆದುದರಿಂದ ಮಾಡಿಗೆ ಏಣಿಯನ್ನು ಚಾಚುವ ಮೊದಲೇ ಮನೆಯವನು ಮಾಡತಕ್ಕ ಕೆಲಸಗಳು ಕೆಲವುಂಟು. ಏಣಿಯನ್ನೂ ಹಗ್ಗವನ್ನೂ ಸಾರುವೆಯನ್ನೂ ತಾನೇ ಮೊದಲು ಹತ್ತಿ ಜಗ್ಗಿ ಪರೀಕ್ಷಿಸಬೇಕು. ತನಗೆ ತಿಳಿದ ದೋಷವನ್ನು ಮುಚ್ಚದೆ ಹೇಳಬೇಕು. ನುರಿತವನು ಮಾಡತಕ್ಕ ಕೆಲಸಕ್ಕೆ ಸ್ನೇಹಿತನನ್ನು ಹಚ್ಚಬಾರದು. ಮೇಲಿನವನು ಕೆಳಗಿನವನಿಗೆ ಕೂಗಿ ಹೇಳದೆ ಒಂದು ಹೆಂಚನ್ನೂ ಜಾರಬಿಡಬಾರದು. ವಿಮೆಯು ದೊರೆಯುವ ಕಡೆ ಅದನ್ನು ಮಾಡಿಸಬೇಕು. ದೊರೆಯದ ಕಡೆ, ಯಾರಿಗಾದರೂ ಪೆಟ್ಟಾದರೆ ವೆಚ್ಚವನ್ನು ಇಷ್ಟಿಷ್ಟು ಹೊರುವೆವೆಂದು ಕೂಡಿದವರೆಲ್ಲ ಊಟಕ್ಕೆ ಕುಳಿತಾಗಲೇ ಮಾತನಾಡಿಕೊಳ್ಳಬೇಕು. ಇಂತಹ ಮಾತು ಸ್ನೇಹಕ್ಕೆ ಅವಮಾನವೆಂದು ಕೆಲವರು ತಿಳಿಯುವುದುಂಟು. ಚರಿತ್ರೆಯು ತೋರಿಸುವುದು ಇದಕ್ಕೆ ವಿರೋಧವಾದುದನ್ನು. ಡೆಗ್ಗನ ಮನೆಯವರಿಗೆ ಕೊರತೆಯಾದುದು ಸ್ನೇಹವಲ್ಲ. ಮೊದಲೇ ಆಡಿದ ಒಂದು ಮಾತು.

ಪೂರ್ವದ ಸ್ಮೃತಿಕಾರರ ಪದವನ್ನೇ ಮತ್ತೆ ನೆನೆಯಬಹುದು. ಸಮುತ್ಥಾನವೆಂದರೆ ಕೂಡಿ ಮೇಲೆತ್ತುವ ಕಾರ್ಯ. ಸಮುತ್ಥಾನವೆಂದರೆ ಬಿದ್ದವನು ಮೇಲೇಳುವುದು. ತೊಲೆಯನ್ನು ಎತ್ತಲು ಕೂಡಿದ ಕೈಗಳು ಬಿದ್ದವನನ್ನು ಎತ್ತುವವರೆಗೂ ಬಿಡದೆ ಕೂಡಿರುವುದಾದರೆ, ಅದೇ ಸಂಭೂಯಸಮುತ್ಥಾನ. ಅಂತಹ ಕೇರಿಯಲ್ಲಿ ಕಟ್ಟಿದ ಮನೆಯು ಒಬ್ಬನದಾದರೂ, ಅದರ ನೆರಳು ಹತ್ತು ಮನೆಗಳಿಗೆ ಸಲ್ಲುತ್ತದೆ.